ಕಡು ಹಸಿರು ಗದ್ದೆಗೇ ಬೆಂಕಿ ರೋಗ ಯಾಕೆ?

ಭತ್ತ ಬೆಳೆಯುವ ಯಾರನ್ನು ಬೇಕಾದರೂ ಕೇಳಿ, ಯೂರಿಯಾ ಜಾಸ್ತಿ ಬಿದ್ದ ಗದ್ದೆಗೇ ಬೆಂಕಿ ರೋಗ ಮೊದಲು ಅಂತಾರೆ. ಪಕ್ಕದ ಗದ್ದೆ ಸ್ವಲ್ಪ ತಿಳಿ ಹಸಿರಾಗಿ ಬಡಕಲಾಗಿ ನಿಂತಿರುತ್ತದೆ, ಅದಕ್ಕೆ ಅಷ್ಟು ಬಾಧೆ ಇರುವುದಿಲ್ಲ. ಕಡು ಹಸಿರಾಗಿ ಸೊಕ್ಕಿ ಬೆಳೆದ ಪೈರಿಗೆ ನಾಲ್ಕು ದಿನ ಮೋಡ, ಸೋನೆ ಮಳೆ, ಬೆಳಗಿನ ಇಬ್ಬನಿ ಸೇರಿದರೆ ಸಾಕು, ರೋಗ ತರುವ ಶಿಲೀಂಧ್ರ ಎಲೆ ಮೇಲೆ ಕಣ್ಣಿನಾಕಾರದ ಚುಕ್ಕೆ ಎಬ್ಬಿಸುತ್ತದೆ. ನಡುವೆ ಬೂದಿ ಬಣ್ಣ, ಅಂಚಿಗೆ ಕಂದು. ಅದೇ ರೋಗ ತೆನೆ ಹೊರಟ ಮೇಲೆ ಕುತ್ತಿಗೆಗೆ ಬಂದರೆ ಮುಗೀತು, ಬರೀ ಜೊಳ್ಳು.

ಪೈರು ದಟ್ಟವಾದರೆ ಗಾಳಿ ಆಡುವುದಿಲ್ಲ, ತೇವ ನಿಲ್ಲುತ್ತದೆ ಅನ್ನೋದು ಸಾಮಾನ್ಯವಾಗಿ ಕೊಡುವ ಕಾರಣ. ಅದು ನಿಜವೇ. ಆದರೆ ಎಲೆಯ ಒಳಗೂ ಒಂದು ಕಾರಣ ಇದೆ, ಅದರ ಬಗ್ಗೆ ಕನ್ನಡದಲ್ಲಿ ಯಾರೂ ಹೆಚ್ಚು ಬರೆದಿದ್ದು ನಾನು ನೋಡಿಲ್ಲ.

ಯೂರಿಯಾದಿಂದ ಬಂದ ಸಾರಜನಕವನ್ನು ಗಿಡ ಹಾಗೇ ಬಳಸುವುದಿಲ್ಲ. ಅಮೋನಿಯಾ ರೂಪದಲ್ಲಿ ತೆಗೆದುಕೊಂಡು, ಗ್ಲುಟಮೇಟ್‌ಗೆ ಸೇರಿಸಿ, ಮೊದಲು ಗ್ಲುಟಮಿನ್ ಎಂಬ ಅಮೈನೋ ಆಮ್ಲ (ಪ್ರೋಟೀನ್ ಕಟ್ಟುವ ಇಟ್ಟಿಗೆ) ಮಾಡಿಕೊಳ್ಳುತ್ತದೆ. ಮಿಕ್ಕ ಅಮೈನೋ ಆಮ್ಲಗಳೆಲ್ಲ ಆಮೇಲೆ ಅಲ್ಲಿಂದಲೇ. 2017ರಲ್ಲಿ ಫ್ರಾನ್ಸ್‌ನ ಒಂದು ತಂಡ ರೋಗ ಬಿದ್ದ ಭತ್ತದ ಎಲೆಯಲ್ಲಿ ಗಿಡದ ಜೀನ್‌ಗಳನ್ನೂ ಶಿಲೀಂಧ್ರದ ಜೀನ್‌ಗಳನ್ನೂ ಒಟ್ಟಿಗೇ ಅಳೆದು ನೋಡಿತು. ಸಾರಜನಕ ಜಾಸ್ತಿ ಇದ್ದ ಎಲೆಯಲ್ಲಿ ಗಿಡದ ರಕ್ಷಣೆಯೇನೂ ಕುಸಿದಿರಲಿಲ್ಲ. ಬದಲಾಗಿ ಶಿಲೀಂಧ್ರದ ದಾಳಿಯ ಜೀನ್‌ಗಳೇ ಜೋರಾಗಿ ಕೆಲಸ ಮಾಡುತ್ತಿದ್ದವು. ಅದಕ್ಕೆ ಸುಳಿವು ಕೊಡುವುದು ಗ್ಲುಟಮಿನ್ ಇರಬೇಕು ಅಂತ ಅವರ ಅಂದಾಜು. ಅಂದರೆ ನಾವು ಹಾಕಿದ ಗೊಬ್ಬರದ ಸುದ್ದಿ ಗಿಡಕ್ಕಷ್ಟೇ ಅಲ್ಲ, ರೋಗಕ್ಕೂ ಮುಟ್ಟುತ್ತಿದೆ! ಹಾಗಾಗಿ ಮೇಲುಗೊಬ್ಬರವನ್ನು ಕಂತಿನಲ್ಲಿ ಕೊಡಿ, ಎಲೆ ಬಣ್ಣದ ಪಟ್ಟಿ ಹಿಡಿದು ನೋಡಿ ಕೊಡಿ, ಚುಕ್ಕೆ ಕಂಡರೆ ಯೂರಿಯಾ ನಿಲ್ಲಿಸಿ ಅಂತ ಕೃಷಿ ವಿಜ್ಞಾನಿಗಳು ಹೇಳುವುದು ಸುಮ್ನೆ ಅಲ್ಲ.

ಇನ್ನು ಶಿಲೀಂಧ್ರದ ಕಡೆಯಿಂದ ನೋಡೋಣ. ನನಗೆ ತುಂಬಾ ಇಷ್ಟವಾದ ಭಾಗ ಇದು. ಮ್ಯಾಗ್ನಪೋರ್ತೆ ಅನ್ನುವ ಈ ಶಿಲೀಂಧ್ರದ ಬೀಜಕಣ ಎಲೆ ಮೇಲೆ ಬಿದ್ದು, ಇಬ್ಬನಿಯ ಹನಿಯಲ್ಲಿ ಮೊಳೆತು, ತುದಿಯಲ್ಲಿ ಒಂದು ಕಪ್ಪು ಗುಮ್ಮಟ ಕಟ್ಟುತ್ತದೆ. ಅದರೊಳಗಿನ ಒತ್ತಡ ವಾತಾವರಣದ ಒತ್ತಡದ ಸುಮಾರು 80 ಪಟ್ಟು. ಆ ಒತ್ತಡದಿಂದಲೇ ಎಲೆಯ ಚರ್ಮ ತೂತು ಮಾಡಿ ಒಳಗೆ ಇಳಿಯುತ್ತದೆ. ಅಲ್ಲಿಯವರೆಗೂ ಹೊರಗಿನಿಂದ ಒಂದು ತುತ್ತು ಆಹಾರ ಇಲ್ಲ, ಬುತ್ತಿ ಕಟ್ಟಿಕೊಂಡು ಬಂದಿದ್ದರಲ್ಲೇ ಎಲ್ಲ ಆಗಬೇಕು. ಒಳಗೆ ಹೋದ ಮೇಲಾದರೂ ಗಿಡದ ಅಮೈನೋ ಆಮ್ಲಗಳನ್ನೆಲ್ಲ ಕದ್ದು ಬದುಕುತ್ತದೆ ಅಂದುಕೊಳ್ಳುತ್ತೇವೆ ಅಲ್ವಾ? ಅಷ್ಟು ಸುಲಭ ಇಲ್ಲ. ಮೆಥಿಯೋನಿನ್ ಎಂಬ ಅಮೈನೋ ಆಮ್ಲ ತಯಾರಿಸುವ ಮೆಟ್6 ಅನ್ನುವ ಜೀನ್ ತೆಗೆದ ಶಿಲೀಂಧ್ರ, ಪ್ರಯೋಗಾಲಯದ ತಟ್ಟೆಯಲ್ಲಿ ಮೆಥಿಯೋನಿನ್ ಹಾಕಿದರೆ ಬೆಳೆಯುತ್ತದೆ, ಭತ್ತದ ಎಲೆಯಲ್ಲಿ ಮಾತ್ರ ರೋಗ ತರಲಾರದು. ಎಲೆಯಲ್ಲಿ ಮೆಥಿಯೋನಿನ್ ಇಲ್ಲವೆಂದಲ್ಲ, ಬೇಕಾದ ಹೊತ್ತಿಗೆ ಬೇಕಾದಷ್ಟು ಇದರ ಕೈಗೆ ಸಿಗುವುದಿಲ್ಲ.

ಐಸೋಲ್ಯೂಸಿನ್, ವ್ಯಾಲಿನ್ ಕಥೆಯೂ ಹೀಗೇ. ಅವುಗಳನ್ನು ತಯಾರಿಸುವ ಅಸಿಟೋಲ್ಯಾಕ್ಟೇಟ್ ಸಿಂಥೇಸ್ ಎಂಬ ಕಿಣ್ವದ ಜೀನ್ ಕೆಡಿಸಿದರೆ ಬೆಂಕಿ ರೋಗದ ಹಲ್ಲು ಕಿತ್ತ ಹಾಗೆ. ಗದ್ದೆಗೆ ಹೊಡೆಯುವ ಬಿಸ್‌ಪೈರಿಬ್ಯಾಕ್, ಬೆನ್‌ಸಲ್ಫ್ಯೂರಾನ್ ಥರದ ಕಳೆನಾಶಕಗಳು ಕಳೆಯಲ್ಲಿ ತಡೆಯುವುದೂ ಇದೇ ಕಿಣ್ವವನ್ನೇ. ಮನುಷ್ಯರಲ್ಲಿ, ದನಕರುಗಳಲ್ಲಿ ಈ ಕಿಣ್ವ ಇಲ್ಲವೇ ಇಲ್ಲ. ಈ ಅಮೈನೋ ಆಮ್ಲಗಳನ್ನು ನಾವು ಊಟದಿಂದಲೇ ಪಡೆಯಬೇಕು. ಹೊಸ ಶಿಲೀಂಧ್ರನಾಶಕ ಹುಡುಕುವವರು ಇಂಥ ಜಾಗದಲ್ಲೇ ಹುಡುಕಬೇಕು ಅಂತ ನನಗೆ ಬಲವಾಗಿ ಅನಿಸುತ್ತದೆ, ಭತ್ತಕ್ಕೂ ಅದೇ ಕಿಣ್ವ ಇದೆ ಅನ್ನೋದನ್ನು ಮರೆಯದೆ.

ಹಾಗಾದರೆ ಗಿಡದ ಜೀನ್‌ಗಳನ್ನೇ ತಿದ್ದಿಬಿಡೋಣ ಅನ್ನುವವರಿದ್ದಾರೆ. ಎಲ್‌ಎಚ್‌ಟಿ1 ಅನ್ನುವುದು ಅಮೈನೋ ಆಮ್ಲಗಳನ್ನು ಜೀವಕೋಶದೊಳಗೆ ಸಾಗಿಸುವ ಜೀನ್. ಅದನ್ನು ಕೆಡಿಸಿದ ಭತ್ತಕ್ಕೆ ಬೆಂಕಿ ರೋಗ ಕಡಿಮೆಯಾಗುತ್ತದೆ. ಜೊತೆಗೆ ಬೆಳವಣಿಗೆ ಕುಂಠಿತ, ಇಳುವರಿಯೂ ಕಡಿಮೆ. ರೈತನಿಗೆ ಅದರಿಂದ ಏನು ಬಂತು?

ಇನ್ನೊಂದು ಜೀನ್ ಇನ್ನೂ ಕುತೂಹಲದ್ದು. ಟ್ರಿಪ್ಟೋಫ್ಯಾನ್ ಎಂಬ ಅಮೈನೋ ಆಮ್ಲದಿಂದ ಭತ್ತ ಸೆರೊಟೋನಿನ್ ಮಾಡಿಕೊಳ್ಳುತ್ತದೆ, ಹೌದು, ನಮ್ಮ ಮಿದುಳಿನಲ್ಲಿರುವ ಅದೇ ಸೆರೊಟೋನಿನ್. ಜಪಾನಿನ ವಿಜ್ಞಾನಿಗಳು ಬೇರೊಂದು ಶಿಲೀಂಧ್ರ ತರುವ ಕಂದು ಚುಕ್ಕೆ ರೋಗ ಬಿದ್ದ ಎಲೆಗಳಲ್ಲಿ ಕಂಡದ್ದು ಇದು: ಶಿಲೀಂಧ್ರ ಬಿದ್ದ ಜಾಗದ ಸುತ್ತ ಸೆರೊಟೋನಿನ್ ಬಂದು ಜೀವಕೋಶಗಳ ಗೋಡೆಗೆ ಅಂಟಿಕೊಂಡು ಗಟ್ಟಿಯಾಗುತ್ತದೆ. ಆ ಕಂದು ಬಣ್ಣ ಬರೀ ಸತ್ತ ಎಲೆಯ ಬಣ್ಣ ಅಲ್ಲ, ಗಿಡ ಕಟ್ಟಿದ ಬೇಲಿ. ಸೆರೊಟೋನಿನ್ ಮಾಡಲು ಬೇಕಾದ ಜೀನ್ ಕೆಟ್ಟ ಗಿಡದಲ್ಲಿ ಬೇಲಿ ಏಳುವುದಿಲ್ಲ. ಆದರೆ 2018ರಲ್ಲಿ ಚೀನಾ ಮತ್ತು ಬ್ರಿಟನ್ನಿನ ಸಂಶೋಧಕರು ಇದೇ ಜೀನ್ ಕೆಡಿಸಿದ ಭತ್ತದಲ್ಲಿ ಕಂದು ಜಿಗಿಹುಳುವಿನ ಕಾಟ ಕಡಿಮೆ ಅಂತ ತೋರಿಸಿದರು. ಹುಳಕ್ಕೆ ಒಳ್ಳೆಯದಾದ ಸೆರೊಟೋನಿನ್ ಶಿಲೀಂಧ್ರಕ್ಕೆ ಕೆಟ್ಟದ್ದು. ಗಂಗಾವತಿ, ಸಿಂಧನೂರು ಕಡೆ ಒಂದೇ ಹಂಗಾಮಿನಲ್ಲಿ ಜಿಗಿಹುಳು, ಬೆಂಕಿ ರೋಗ ಎರಡನ್ನೂ ಎದುರಿಸುವ ರೈತರಿದ್ದಾರೆ. ಹಾಗಾಗಿ ಒಂದು ಜೀನ್ ತಿದ್ದಿ ರೋಗ ನಿಲ್ಲಿಸಿದ್ದೇವೆ ಎಂಬ ಸುದ್ದಿ ಬಂದಾಗಲೆಲ್ಲ ನಾನು ಮೊದಲು ಹುಡುಕುವುದು ಇಷ್ಟನ್ನೇ: ಜಿಗಿಹುಳು ಏನಾಯಿತು, ಇಳುವರಿ ಎಷ್ಟು ಬಂತು, ಗಾಜಿನ ಮನೆಯ ಆಚೆ ನಿಜವಾದ ಗದ್ದೆಯಲ್ಲಿ ಎಷ್ಟು ಹಂಗಾಮು ಬೆಳೆದು ನೋಡಿದ್ದಾರೆ.