ಹುಬ್ಬಿನ ಮೇಲಿನ ಗೆರೆ

ಹೋದ ವರ್ಷ ಆಷಾಢದಲ್ಲಿ ನಡೆದದ್ದು. ಬೆಳಿಗ್ಗೆ ಸ್ಟುಡಿಯೋ ಷಟರ್ ಎತ್ತಿ, ನೆಲ ಗುಡಿಸಿ, ಊದುಬತ್ತಿ ಹಚ್ಚುತ್ತಿದ್ದೆ. ಹೊರಗೆ ಒಂದು ಸ್ಕೂಟರ್ ಬಂದು ನಿಂತಿತು. ಹಿಂದಿನ ಸೀಟಿನಿಂದ ಒಬ್ಬ ಅಜ್ಜಿ ಇಳಿದರು. ಮೂರು ಮೆಟ್ಟಿಲು ಹತ್ತಲು ಮೊಮ್ಮಗ ಕೈ ಕೊಟ್ಟ. ಒಳಗೆ ಬಂದವರೇ ಸೆರಗಿನ ಗಂಟು ಬಿಚ್ಚಿ, ಪ್ಲಾಸ್ಟಿಕ್ ಕವರಿನಿಂದ ಒಂದು ಕಾರ್ಡು ತೆಗೆದು ಟೇಬಲ್ ಮೇಲಿಟ್ಟರು. ಹಳೆಯ ವೋಟರ್ ಕಾರ್ಡು.

"ನಮ್ಮ ಯಜಮಾನ್ರು ಕಣಪ್ಪ. ನಾಡಿದ್ದು ತಿಥಿ. ಇದನ್ನ ದೊಡ್ಡದು ಮಾಡಿಕೊಡು, ಕಟ್ಟು ಹಾಕ್ಸಿ."

ಮೊಮ್ಮಗ ಸಣ್ಣ ದನಿಯಲ್ಲಿ ಹೇಳಿದ: "ಸೂತಕ ಸಾರ್. ಮನೆ ಬಿಟ್ಟು ಹೋಗಬೇಡ ಅಂತ ಎಲ್ಲರೂ ಹೇಳಿದ್ರು. ನಾನೇ ಹೋಗಿ ಮಾಡಿಸ್ಕೊಂಡು ಬರ್ತೀನಿ ಅಂದೆ. ಕೇಳಲಿಲ್ಲ."

ತಿಪಟೂರಿನಲ್ಲಿ ನಮ್ಮ ಸ್ಟುಡಿಯೋ ಶುರುವಾದದ್ದು 1971ರಲ್ಲಿ. ಅಪ್ಪ ಶುರು ಮಾಡಿದ್ದು. ಈ ಕೆಲಸದಲ್ಲಿ ತಿಥಿಯ ಫೋಟೋ ಹೊಸದೇನಲ್ಲ. ವಾರಕ್ಕೆ ಒಂದೆರಡಾದರೂ ಬರುತ್ತವೆ. ಈಗ ಎಲ್ಲರ ಕೈಯಲ್ಲೂ ಮೊಬೈಲ್ ಇದೆ, ಆದರೂ ಬರುತ್ತವೆ. ಮೊಬೈಲಿನಲ್ಲಿ ಸಾವಿರ ಫೋಟೋ ಇರುತ್ತವೆ, ಅದರಲ್ಲಿ ಮನೆಯ ಹಿರಿಯರದ್ದು ಒಂದೂ ಸರಿಯಾಗಿ ಇರುವುದಿಲ್ಲ. ಮದುವೆ ಗುಂಪಿನಲ್ಲಿ ಹಿಂದಿನ ಸಾಲಿನಲ್ಲಿ ನಿಂತಿರುತ್ತಾರೆ, ಅರ್ಧ ಮುಖಕ್ಕೆ ಇನ್ನೊಬ್ಬರ ಪೇಟ ಅಡ್ಡ ಬಂದಿರುತ್ತದೆ. ಇಲ್ಲವಾದರೆ ಆಸ್ಪತ್ರೆಯ ಮಂಚದ ಮೇಲಿನ ಕೊನೆಯ ವಾರದ ಫೋಟೋ. ಅದನ್ನು ಗೋಡೆಗೆ ಹಾಕಲು ಯಾರಿಗೆ ಮನಸ್ಸು ಬರುತ್ತದೆ?

ಈ ಮನೆಯಲ್ಲೂ ಹಾಗೇ ಆಗಿತ್ತು. ಹುಡುಗ ಮೊಬೈಲ್ ತೋರಿಸಿದ. ತಾತನದ್ದು ಎಂಟು ಹತ್ತು ಫೋಟೋ ಇದ್ದವು. ಎಲ್ಲವೂ ಕಾಯಿಲೆ ಬಿದ್ದ ಮೇಲಿನವು. ಕೆನ್ನೆ ಒಳಗೆ ಹೋಗಿತ್ತು, ಕಣ್ಣು ಆಳಕ್ಕಿಳಿದಿತ್ತು. ಆಧಾರ್ ಕಾರ್ಡಿನ ಫೋಟೋದಲ್ಲಿ ಬರೀ ಕಪ್ಪು. ಆಮೇಲೆ ಅವನು ಇನ್ನೊಂದು ತೋರಿಸಿದ. ವೋಟರ್ ಕಾರ್ಡನ್ನೇ ಯಾವುದೋ ಆ್ಯಪಿಗೆ ಹಾಕಿ ಬಣ್ಣ ಬರಿಸಿದ್ದ. ಗುಲಾಬಿ ತುಟಿ, ನುಣ್ಣನೆ ಕೆನ್ನೆ, ಮಿಂಚುವ ಕಣ್ಣು.

"ಅದ್ಯಾರೋ ಸಿನಿಮಾದೋರ ಥರ ಐತೆ. ನಂಗೆ ಬೇಡ," ಎಂದರು ಅಜ್ಜಿ.

ಆ ಕಾರ್ಡಿನ ಬಗ್ಗೆ ಒಂದು ಮಾತು ಹೇಳಬೇಕು. ಟಿ.ಎನ್. ಶೇಷನ್ ಅವರು ಮುಖ್ಯ ಚುನಾವಣಾ ಆಯುಕ್ತರಾಗಿದ್ದಾಗ, 1993ರಲ್ಲಿ, ಮತದಾರರಿಗೆಲ್ಲ ಫೋಟೋ ಇರುವ ಗುರುತಿನ ಚೀಟಿ ಕೊಡಬೇಕು ಎಂದು ತೀರ್ಮಾನವಾಯಿತು. ಅದಾದ ಮೇಲೆ ನಮ್ಮ ಸುತ್ತಿನ ಹಳ್ಳಿಗಳಲ್ಲಿ ಶಾಲೆಯ ವರಾಂಡದಲ್ಲಿ ಜನರನ್ನು ಸಾಲಾಗಿ ನಿಲ್ಲಿಸಿ ಫೋಟೋ ತೆಗೆದರು. ಎಷ್ಟೋ ಜನರಿಗೆ ಅದೇ ಬದುಕಿನ ಮೊದಲ ಫೋಟೋ. ಹೊಲದಿಂದ ಹಾಗೇ ಬಂದು, ಬೆವರು ಒರೆಸಿಕೊಂಡು ನಿಂತವರು. ಆ ಚಿತ್ರಗಳು ಚೆನ್ನಾಗಿ ಬಂದಿಲ್ಲ ಎಂದು ಎಲ್ಲರೂ ಆಡಿಕೊಳ್ಳುತ್ತಾರೆ. ನಾನು ಮಾತ್ರ ಆಡಿಕೊಳ್ಳಲಾರೆ. ಬಡವರ ಮನೆಯ ಎಷ್ಟೊಂದು ಗೋಡೆಗಳಲ್ಲಿ ಇವತ್ತು ಹಾರ ಹಾಕಿಸಿಕೊಂಡಿರುವ ಮುಖ ಆ ಕಾರ್ಡಿನಿಂದ ಬಂದದ್ದು. ಅದೂ ಇರದಿದ್ದರೆ ಆ ಮನೆಗಳಲ್ಲಿ ಏನೂ ಇರುತ್ತಿರಲಿಲ್ಲ.

ಹುಡುಗ ತಿಥಿಯ ಸಾಮಾನು ತರಲು ಪೇಟೆಗೆ ಹೋದ. ಹೋಗುವ ಮುಂಚೆ, "ಕೋಟು ಹಾಕಿಬಿಡಿ ಸಾರ್, ಚೆನ್ನಾಗಿ ಕಾಣುತ್ತೆ," ಎಂದ. ನಮ್ಮ ಕಂಪ್ಯೂಟರುಗಳಲ್ಲಿ ತಯಾರಾದ ಮೈಗಳು ಇರುತ್ತವೆ. ಕೋಟಿನ ಮೈ, ಜುಬ್ಬದ ಮೈ, ಶಲ್ಯ ಹೊದ್ದು ಕುರ್ಚಿಯಲ್ಲಿ ಕುಳಿತ ಮೈ. ತಲೆಯನ್ನು ಕತ್ತರಿಸಿ ಅದರ ಮೇಲೆ ಕೂರಿಸುವುದಷ್ಟೇ ಕೆಲಸ. ಅಜ್ಜಿ ತಲೆ ಅಲ್ಲಾಡಿಸಿದರು. "ಕೋಟು ಯಾವತ್ತು ಹಾಕಿದ್ರು? ಬಿಳಿ ಅಂಗಿ ಇರ್ಲಿ. ಹೆಗಲ ಮೇಲೆ ಟವಲ್ಲು." ಅಷ್ಟು ಹೇಳಿ ಬೆಂಚಿನ ಮೇಲೆ ಗೋಡೆಗೆ ಒರಗಿ ಕುಳಿತರು. ಆಗುವ ತನಕ ಇಲ್ಲೇ ಇರ್ತೀನಿ ಎಂದರು.

ಕಾರ್ಡಿನ ಮೇಲಿನ ಮುಖ ನನ್ನ ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದು. ಲ್ಯಾಮಿನೇಷನ್ ಹಳದಿಯಾಗಿತ್ತು. ನಡುವೆ ಮಡಚಿ, ಹಣೆಯಿಂದ ಗಲ್ಲದವರೆಗೆ ಒಂದು ಸೀಳು ಬಂದಿತ್ತು. ಇಂಥದ್ದನ್ನು ಸ್ಕ್ಯಾನರಿಗೆ ಇಟ್ಟರೆ ಪ್ಲಾಸ್ಟಿಕ್ಕಿನ ಗೀರುಗಳೆಲ್ಲ ಎದ್ದು ಕಾಣುತ್ತವೆ. ಅದಕ್ಕೆ ಕ್ಯಾಮೆರಾ ಕೆಳಮುಖ ಮಾಡಿ, ಎರಡು ಕಡೆಯಿಂದ ಓರೆಯಾಗಿ ಬೆಳಕು ಕೊಟ್ಟು ಫೋಟೋ ತೆಗೆದೆ. ಬೆಳಕು ನೇರ ಬಿದ್ದರೆ ಪ್ಲಾಸ್ಟಿಕ್ ಹೊಳೆಯುತ್ತದೆ, ಓರೆಯಾಗಿ ಬಿದ್ದರೆ ಹೊಳಪು ಆಚೆ ಹೋಗುತ್ತದೆ. ಆಮೇಲೆ ಕಂಪ್ಯೂಟರಿನಲ್ಲಿ ಕೂತು ಒಂದೊಂದೇ ಚುಕ್ಕೆ ತೆಗೆಯುತ್ತಾ ಹೋದೆ.

ಅಷ್ಟರಲ್ಲಿ ಅಜ್ಜಿ ಒಳಗಿನ ಕೋಣೆಯತ್ತ ನೋಡುತ್ತಾ ಕೇಳಿದರು. "ಅದು ಜಡೆ ಕನ್ನಡಿ ಅಲ್ವಾ?"

ಹೌದು. ಆಳೆತ್ತರದ ಆ ಕನ್ನಡಿಯನ್ನು ಅಪ್ಪ ಸ್ಟುಡಿಯೋ ತೆರೆದ ಎರಡನೇ ವರ್ಷ ತಂದದ್ದು. ಮಲ್ಲಿಗೆ ಕಾಲ ಬಂತೆಂದರೆ ಹೆಣ್ಣುಮಕ್ಕಳಿಗೆ ಮೊಗ್ಗಿನ ಜಡೆ ಹಾಕಿಸಿ ಫೋಟೋ ತೆಗೆಸುವುದು ಇಲ್ಲಿ ಪ್ರತಿ ಮನೆಯ ಸಡಗರವಾಗಿತ್ತು. ಮಗುವನ್ನು ಕನ್ನಡಿಗೆ ಬೆನ್ನು ಮಾಡಿ ನಿಲ್ಲಿಸುತ್ತಿದ್ದರು. ಮುಂದೆ ಮುಖ, ಹಿಂದೆ ಕನ್ನಡಿಯಲ್ಲಿ ಜಡೆ. ಒಂದೇ ಫೋಟೋದಲ್ಲಿ ಎರಡೂ ಬರಬೇಕು. ಕೇಳಲು ಸುಲಭ. ಆದರೆ ಕನ್ನಡಿಯಲ್ಲಿ ಕ್ಯಾಮೆರಾ ಕಾಣಬಾರದು, ಬಲ್ಬು ಕಾಣಬಾರದು, ಎದುರಿಗೆ ಕೂತು ನಗು ನಗು ಎನ್ನುವ ಅಮ್ಮಂದಿರು ಕಾಣಬಾರದು. ಅಪ್ಪ ಕನ್ನಡಿಯನ್ನು ಒಂದು ಬೆರಳಿನಷ್ಟು ಆ ಕಡೆ, ಈ ಕಡೆ ತಿರುಗಿಸುತ್ತಾ ಇರುತ್ತಿದ್ದರು. 500 ವ್ಯಾಟಿನ ಬಲ್ಬಿನ ಕಾವಿಗೆ ಮೊಗ್ಗುಗಳು ಅಲ್ಲೇ ಅರಳಲು ಶುರುವಾಗುತ್ತಿದ್ದವು. ಆ ಕೋಣೆಯ ವಾಸನೆ ನನಗೆ ಇವತ್ತಿಗೂ ನೆನಪಿದೆ. ಮಲ್ಲಿಗೆ ಮತ್ತು ಪಕ್ಕದ ಡಾರ್ಕ್‌ರೂಮಿನ ಫೋಟೋ ತೊಳೆಯುವ ಹೈಪೋ ದ್ರಾವಣ, ಎರಡೂ ಸೇರಿದ ವಾಸನೆ.

"ನನ್ನ ಮಗಳಿಗೆ ಇಲ್ಲೇ ತೆಗ್ಸಿದ್ದು," ಎಂದರು ಅಜ್ಜಿ. "ನಿಮ್ಮಪ್ಪನೇ ಇರಬೇಕು, ದಪ್ಪ ಕನ್ನಡಕದೋರು. ನೀವೂ ಬನ್ನಿ, ಮೂರೂ ಜನ ನಿಂತ್ಕೊಳ್ಳಿ, ಒಂದು ತೆಗಿತೀನಿ ಅಂದ್ರು. ನಮ್ಮ ಯಜಮಾನ್ರು ಬರಲೇ ಇಲ್ಲ. ಚಪ್ಪಲಿ ಕಾಯ್ತೀನಿ ಅಂತ ಬಾಗಿಲಲ್ಲೇ ನಿಂತ್ರು."

ಅಪ್ಪನ ಹತ್ತಿರ ಆಗ ಯಾಷಿಕಾ ಕ್ಯಾಮೆರಾ ಇತ್ತು. 120 ಸೈಜಿನ ಫಿಲ್ಮ್ ರೋಲು, ಒಂದು ರೋಲಿಗೆ 12 ಫೋಟೋ. ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್‌ನವರ 'ಇಂದು' ಹೆಸರಿನ ಫೋಟೋ ಪೇಪರ್ ತರಿಸುತ್ತಿದ್ದರು. ಆ ಕಾರ್ಖಾನೆ ಈಗ ಮುಚ್ಚಿದೆ. ನಾನು ಎಸ್ಸೆಸ್ಸೆಲ್ಸಿ ಮುಗಿಸಿದ ಬೇಸಿಗೆಯಲ್ಲಿ ಅಪ್ಪ ನನ್ನನ್ನು ಟಚಿಂಗ್ ಮೇಜಿಗೆ ಕೂರಿಸಿದರು. ಓರೆಯಾದ ಮೇಜು, ನಡುವೆ ಗಾಜು, ಕೆಳಗಿನಿಂದ ಬೆಳಕು. ಗಾಜಿನ ಮೇಲೆ ನೆಗೆಟಿವ್. ಪೆನ್ಸಿಲನ್ನು ಮರಳು ಕಾಗದದ ಮೇಲೆ ಉಜ್ಜಿ ಸೂಜಿಯಂತೆ ಮಾಡಿಕೊಳ್ಳಬೇಕು. ನೆಗೆಟಿವ್‌ನಲ್ಲಿ ಎಲ್ಲವೂ ಉಲ್ಟಾ. ಮುಖದ ಕಪ್ಪು ಕಲೆ ಅಲ್ಲಿ ತಿಳಿಯಾಗಿ ಕಾಣುತ್ತದೆ. ಅಲ್ಲಿ ಪೆನ್ಸಿಲಿನಿಂದ ಸಣ್ಣ ಸಣ್ಣ ಚುಕ್ಕೆ ತುಂಬಿದರೆ ಅವು ಬೆಳಕನ್ನು ಅಷ್ಟು ತಡೆಯುತ್ತವೆ, ಪ್ರಿಂಟಿನಲ್ಲಿ ಕಲೆ ಮಾಯವಾಗುತ್ತದೆ. ಸ್ವಲ್ಪ ಜಾಸ್ತಿ ಒತ್ತಿದರೆ ಮುಖದ ಮೇಲೆ ಸುಣ್ಣ ಬಳಿದಂತೆ ಬಿಳಿ ಮಚ್ಚೆ ಬೀಳುತ್ತದೆ.

ಕಲಿತ ಹೊಸದರಲ್ಲಿ ನನಗೆ ಎಲ್ಲವನ್ನೂ ತೆಗೆದುಹಾಕುವ ಹುರುಪು. ಒಂದು ದಿನ ಒಬ್ಬ ಹುಡುಗಿಯ ಕೆನ್ನೆಯ ಮಚ್ಚೆ ತೆಗೆದುಬಿಟ್ಟೆ. ಅಪ್ಪ ಪ್ರಿಂಟ್ ನೋಡಿ ಬೈಯಲಿಲ್ಲ. ಪಕ್ಕದಲ್ಲಿ ಕೂತು ಹೇಳಿದರು: "ಮೊಡವೆ ಬರೋ ವಾರ ಇರಲ್ಲ, ಅದನ್ನ ತೆಗಿ. ಮಚ್ಚೆ ಹುಟ್ಟಿನಿಂದ ಬಂದಿದ್ದು, ಅದನ್ನ ಬಿಡು. ಶಾಲೆ ದಾಖಲೆಯಲ್ಲಿ ಗುರುತು ಅಂತ ಏನು ಬರೀತಾರೆ? ಅದನ್ನೇ ಅಲ್ವಾ?" ನನಗೆ ಈ ಕೆಲಸದಲ್ಲಿ ಸಿಕ್ಕ ಪಾಠಗಳಲ್ಲಿ ಇದರಷ್ಟು ಉಪಯೋಗಕ್ಕೆ ಬಂದದ್ದು ಇನ್ನೊಂದಿಲ್ಲ. ಗಾಯದ ಕಲೆಗೂ ಇದೇ ಲೆಕ್ಕ. ಒಬ್ಬರ ಜೊತೆ ಉಳಿಯುವಂಥದ್ದು ಯಾವುದೋ ಅದನ್ನು ಮುಟ್ಟಬಾರದು.

ಮಧ್ಯಾಹ್ನ ಎರಡರ ಹೊತ್ತಿಗೆ ಮುಖ ಒಂದು ಹದಕ್ಕೆ ಬಂತು. ಬಿಳಿ ಅಂಗಿ ಕೂರಿಸಿದೆ. ಟವಲಿಗೆ ನನ್ನದೇ ಹೆಗಲ ಮೇಲೆ ಟವಲ್ ಹಾಕಿಕೊಂಡು ಫೋಟೋ ತೆಗೆದು ಸೇರಿಸಿದೆ. ಮಳೆಗೆ ಎರಡು ಸಲ ಕರೆಂಟ್ ಹೋಗಿ ಬಂತು. ಒಂದು ಎ4 ಹಾಳೆಗೆ ಪ್ರಿಂಟ್ ತೆಗೆದು ಅಜ್ಜಿಯ ಕೈಗೆ ಕೊಟ್ಟೆ. ನನಗೆ ಒಳಗೊಳಗೇ ಸಮಾಧಾನವಾಗಿತ್ತು. ಆ ಕಾರ್ಡಿನಿಂದ ಇಷ್ಟು ಸ್ವಚ್ಛವಾದ ಮುಖ ಬಂದದ್ದು ದೊಡ್ಡ ವಿಷಯವೇ.

ಅವರು ಫೋಟೋವನ್ನು ದೂರ ಹಿಡಿದು ನೋಡಿದರು. ಹತ್ತಿರ ತಂದು ನೋಡಿದರು. ತುಂಬಾ ಹೊತ್ತು ಏನೂ ಮಾತಾಡಲಿಲ್ಲ.

"ಅವರ ಹಂಗೇ ಐತೆ," ಎಂದರು ಕೊನೆಗೆ. ಆಮೇಲೆ ತಮ್ಮ ಎಡ ಹುಬ್ಬಿನ ಮೇಲೆ ಬೆರಳಾಡಿಸಿದರು. "ಇಲ್ಲಿ ಒಂದು ಗೆರೆ ಇತ್ತಲ್ಲಪ್ಪ, ಅದೆಲ್ಲೋಯ್ತು?"

ನನಗೆ ಮೈಯೆಲ್ಲ ತಣ್ಣಗಾಯಿತು. ಮೊದಲು ತೆಗೆದ ಫೈಲ್ ತೆರೆದು ದೊಡ್ಡದು ಮಾಡಿ ನೋಡಿದೆ. ಪ್ಲಾಸ್ಟಿಕ್ಕಿನ ಸೀಳು ಹಣೆಯಿಂದ ನೇರ ಕೆಳಗೆ ಬರುತ್ತದೆ. ಹುಬ್ಬಿನ ಹತ್ತಿರ ಅದರಿಂದ ಇನ್ನೊಂದು ಗೆರೆ ಒಡೆದು ಪಕ್ಕಕ್ಕೆ ಹೋಗುತ್ತದೆ. ಅದನ್ನೂ ಸೀಳು ಎಂದುಕೊಂಡು ಅಳಿಸಿದ್ದೆ. ಈಗ ನೋಡಿದರೆ ಎರಡೂ ಬೇರೆ ಬೇರೆ. ಸೀಳಿಗೆ ಅಂಚಿನಲ್ಲಿ ಹೊಳಪು ಇದೆ, ಗೀಟು ಎಳೆದಂತೆ ನೇರ ಇದೆ. ಇನ್ನೊಂದು ಹುಬ್ಬಿನ ಜೊತೆ ಬಾಗಿದೆ. ಅದು ಹಾದುಹೋದ ಕಡೆ ಹುಬ್ಬಿನ ಕೂದಲೇ ಇಲ್ಲ. ಇಷ್ಟು ವರ್ಷ ಮುಖ ನೋಡಿದ ನನ್ನ ಕಣ್ಣು ಅದನ್ನು ಕಾಣಬೇಕಿತ್ತು.

ಅಜ್ಜಿ ಹೇಳಿದರು. ಮದುವೆಯಾದ ವರ್ಷವೇ ಆದದ್ದಂತೆ. ಅವರ ಯಜಮಾನರು ಕೊಬ್ಬರಿ ಒಡೆಯುವ ಕೆಲಸಕ್ಕೆ ಹೋಗುತ್ತಿದ್ದರು. ನಮ್ಮ ಕಡೆ ಉಂಡೆ ಕೊಬ್ಬರಿ ಮಾಡಲು ಕಾಯಿಯನ್ನು ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಬಿಡುತ್ತಾರೆ. ಒಳಗಿನ ನೀರೆಲ್ಲ ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗಡಗಡ ಎನ್ನಬೇಕು. ಆಮೇಲೆ ಸಿಪ್ಪೆ ಸುಲಿದು, ಉಂಡೆಗೆ ಪೆಟ್ಟಾಗದಂತೆ ಚಿಪ್ಪು ಒಡೆಯಬೇಕು. ಒಣಗಿದ ಚಿಪ್ಪು ಕಲ್ಲಿನಂತೆ. ಒಂದು ಚೂರು ಸಿಡಿದು ಹುಬ್ಬಿಗೆ ಹೊಡೆದಿತ್ತು.

"ಮಖ ತುಂಬಾ ರಕ್ತ. ನಾನು ಹೊಸದಾಗಿ ಬಂದೋಳು, ಅವರನ್ನ ಸರಿಯಾಗಿ ತಲೆ ಎತ್ತಿ ನೋಡಿರಲಿಲ್ಲ. ಅವತ್ತು ಅರಿಶಿನ ಒತ್ತಿ ಹಿಡ್ಕೊಂಡು ಕೂತಿದ್ದೆ. ಅವತ್ತೇ ಮಖ ಪೂರ್ತಿ ನೋಡಿದ್ದು."

ನಾನು ಇನ್ನೊಂದು ಕುರ್ಚಿ ಎಳೆದು ಅವರನ್ನು ಕಂಪ್ಯೂಟರ್ ಮುಂದೆ ಕೂರಿಸಿಕೊಂಡೆ. ಅಳಿಸಿದ್ದನ್ನು ಹಾಗೇ ವಾಪಸ್ ತರುವಂತಿರಲಿಲ್ಲ. ಸೀಳು ಆ ಗೆರೆಯ ನಡುವೆಯೇ ಹಾದು ಅರ್ಧ ತಿಂದುಹಾಕಿತ್ತು. ಉಳಿದರ್ಧವನ್ನು ಅವರೇ ಹೇಳಬೇಕಾಯಿತು. "ಇನ್ನೊಸಿ ಉದ್ದ. ಹಾಂ. ಕೊನೇಲಿ ಸಣ್ಣಕಾಗ್ತದೆ. ಅಲ್ಲಲ್ಲ, ಮೇಲಕ್ಕೆ ಹೋಗಲ್ಲ, ಕಿವಿ ಕಡೆ ಇಳೀತದೆ." ಒಂದು ಸಲ ಅವರು ಪರದೆಯ ಮೇಲೇ ಬೆರಳಿಟ್ಟು ಎಳೆದು ತೋರಿಸಿದರು. ನಾನು ಬೆರಳಿನ ಹಿಂದೆಯೇ ಮೌಸ್ ಎಳೆದೆ. ಆ ಗೆರೆಯಲ್ಲಿ ಹುಬ್ಬಿನ ಕೂದಲು ಎಲ್ಲಿ ನಿಲ್ಲುತ್ತದೆ, ಎಲ್ಲಿ ಮತ್ತೆ ಶುರುವಾಗುತ್ತದೆ, ಎಲ್ಲವೂ ಅವರಿಗೆ ಗೊತ್ತಿತ್ತು. ಅರ್ಧ ಗಂಟೆಗೂ ಮೇಲೆ ಹಿಡಿಯಿತು. ಕೆನ್ನೆಯ ಮೇಲೆ ನಾನು ಮಾಡಿದ್ದ ನಯವನ್ನೂ ಮುಕ್ಕಾಲು ಪಾಲು ತೆಗೆದೆ. ಬಿಸಿಲಿಗೆ ಒಣಗಿದ ಚರ್ಮ ಮತ್ತೆ ಕಾಣಿಸಿತು.

ಎರಡನೇ ಪ್ರಿಂಟನ್ನು ಅವರು ದೂರ ಹಿಡಿಯಲಿಲ್ಲ. ಸೆರಗಿನಿಂದ ಒಮ್ಮೆ ಒರೆಸಿ ಮಡಿಲಲ್ಲಿ ಇಟ್ಟುಕೊಂಡರು.

ದೊಡ್ಡ ಪ್ರಿಂಟಿಗೆ ಫೈಲನ್ನು ತುಮಕೂರಿನ ಲ್ಯಾಬಿಗೆ ಕಳಿಸಿದೆ. ಬೆಳಿಗ್ಗೆ ಬಸ್ಸಿನಲ್ಲಿ ಬರುತ್ತದೆ, ಸಂಜೆಯೊಳಗೆ ಕಟ್ಟು ಹಾಕಿಸಿ ಇಟ್ಟಿರುತ್ತೇನೆ, ಮೊಮ್ಮಗನನ್ನು ಕಳಿಸಿ ಎಂದೆ. ಹುಡುಗ ಬಾಳೆ ಎಲೆ, ಸೌತೆಕಾಯಿ ಚೀಲ ಹಿಡಿದುಕೊಂಡು ಬಂದ. ಮೋಡ ಕಟ್ಟಿತ್ತು. ಬೇಗ ಹೊರಡೋಣ ಅಜ್ಜಿ ಎಂದ.

ಅವರು ಏಳಲಿಲ್ಲ.

"ನಂದೂ ಒಂದು ತೆಗಿ," ಎಂದರು ನನಗೆ. ಹುಡುಗ ಬೆರಗಾಗಿ ನೋಡಿದ. ಅವರು ಅವನತ್ತ ನೋಡಲಿಲ್ಲ. ಎಡಗೈಯಿಂದ ಬಲಗೈಯ ಹಸಿರು ಬಳೆಗಳನ್ನು ಮೆಲ್ಲಗೆ ಮೇಲಕ್ಕೆ ಸರಿಸಿದರು. "ನಾಡಿದ್ದು ಇವನ್ನೆಲ್ಲ ತೆಗೀತಾರೆ."

ನಾನು ಒಳಗೆ ಹೋಗಿ ಲೈಟು ಹಾಕಿದೆ. ಸ್ಟೂಲನ್ನು ಕನ್ನಡಿಯಿಂದ ದೂರ ಎಳೆದು, ಹಿಂದೆ ಬೂದು ಬಣ್ಣದ ಪರದೆ ಬಿಟ್ಟೆ. ಅವರು ಕೂತು ಸೆರಗು ಸರಿ ಮಾಡಿಕೊಂಡರು. ಕುಂಕುಮ ಹಾಗೇ ಇದೆಯಾ ಎಂದು ಹಣೆ ಮುಟ್ಟಿ ನೋಡಿಕೊಂಡರು. ಎರಡೂ ಕೈಗಳನ್ನು ಬಳೆ ಕಾಣುವ ಹಾಗೆ ತೊಡೆಯ ಮೇಲಿಟ್ಟರು. "ಏನೂ ತೆಗಿಬೇಡ ಕಣಪ್ಪ, ಇದ್ದಂಗೆ ಇರ್ಲಿ," ಎಂದರು. ಆಗಲಿ ಅಮ್ಮಾ ಎಂದೆ.

ನಾಲ್ಕು ಫೋಟೋ ತೆಗೆದೆ. ಮೂರರಲ್ಲಿ ಕ್ಯಾಮೆರಾ ನೋಡುತ್ತಿದ್ದಾರೆ, ಮುಖ ಬಿಗಿಯಾಗಿದೆ. ಒಂದರಲ್ಲಿ ನನ್ನ ಭುಜದ ಆಚೆ, ಜನ ಚಪ್ಪಲಿ ಬಿಡುವ ಬಾಗಿಲಿನತ್ತ ನೋಡಿದ್ದಾರೆ. ಅದನ್ನೇ ಪ್ರಿಂಟ್ ಹಾಕಿದೆ.