ಡೊನಾಲ್ಡ್ ಡಕ್ ಮಾತಾಡುವುದು ಗಂಟಲಿನಿಂದಲ್ಲ, ಕೆನ್ನೆಯಿಂದ

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯ ಬೇಸಿಗೆ ಶಿಬಿರಗಳಲ್ಲಿ ಧ್ವನಿಯ ಪಾಠ ಶುರುವಾಗಿ ಹತ್ತು ನಿಮಿಷ ಆಗಿರುವುದಿಲ್ಲ, ಯಾವುದಾದರೂ ಮಗು ಕೈ ಎತ್ತುತ್ತದೆ: "ಡೊನಾಲ್ಡ್ ಡಕ್ ಥರ ಮಾತಾಡೋದು ಹೇಗೆ? ಅದು ಮಿಷನ್ನಲ್ಲಿ ಮಾಡಿದ್ದಾ?" ಮಕ್ಕಳನ್ನು ಕರೆದೊಯ್ಯಲು ಬಂದ ಅಪ್ಪ ಅಮ್ಮಂದಿರೂ ಹೊರಡುವಾಗ ಮೆಲ್ಲಗೆ ಅದನ್ನೇ ಕೇಳುತ್ತಾರೆ. ಹಾಗಾಗಿ ಉತ್ತರವನ್ನು ಒಮ್ಮೆ ಪೂರ್ತಿಯಾಗಿ ಬರೆದಿಡುತ್ತಿದ್ದೇವೆ.

ಮಿಷನ್ ಅಲ್ಲ. ಡೊನಾಲ್ಡ್ ಇರುವ ಡಿಸ್ನಿ ಕಾರ್ಟೂನುಗಳಲ್ಲೇ ಬರುವ ಚಿಪ್ ಮತ್ತು ಡೇಲ್ ಎಂಬ ಅಳಿಲಿನಂಥ ಜೋಡಿಯ ಧ್ವನಿಯನ್ನು ರೆಕಾರ್ಡ್ ಮಾಡಿ, ವೇಗ ಹೆಚ್ಚಿಸಿ ಕೇಳಿಸಿದ್ದು ನಿಜ. ಆದರೆ ಬಾತುಕೋಳಿಯದ್ದು ಮನುಷ್ಯನ ಬಾಯಿಂದ ಹಾಗೇ ಬಂದ ಧ್ವನಿ. ಕ್ಲಾರೆನ್ಸ್ ನ್ಯಾಶ್ ಎಂಬ ಅಮೆರಿಕದ ಕಲಾವಿದ 1934ರಲ್ಲಿ ಶುರು ಮಾಡಿ 1983ರ ಚಿತ್ರದವರೆಗೂ ಅದನ್ನು ತಾನೇ ನಡೆಸಿದ. ಅವನು ಹುಡುಗನಾಗಿದ್ದಾಗ ಅನುಕರಿಸಿದ್ದು ಬಾತುಕೋಳಿಯನ್ನಲ್ಲ, ಆಡಿನ ಮರಿಯನ್ನು. ಮರಿಯ ದನಿಯಲ್ಲಿ ಮಕ್ಕಳ ಪದ್ಯ ಹೇಳಿದಾಗ ಕಾರ್ಟೂನು ನಿರ್ಮಾಪಕ ವಾಲ್ಟ್ ಡಿಸ್ನಿಗೆ ಅದರಲ್ಲಿ ಬಾತುಕೋಳಿ ಕೇಳಿಸಿತು. 1985ರಲ್ಲಿ ನ್ಯಾಶ್ ತೀರಿಕೊಂಡ ಮೇಲೆ ಆ ಧ್ವನಿ ಟೋನಿ ಆನ್ಸೆಲ್ಮೊ ಪಾಲಿಗೆ ಬಂತು. ಆನ್ಸೆಲ್ಮೊ ಡಿಸ್ನಿ ಕಂಪನಿಯಲ್ಲಿ ಚಿತ್ರ ಬಿಡಿಸುವ ಕೆಲಸದಲ್ಲಿದ್ದವನು, ನ್ಯಾಶ್ ಹತ್ತಿರವೇ ಕಲಿತವನು. ಗುರುವಿನ ಬಾಯಿಂದ ಶಿಷ್ಯನ ಬಾಯಿಗೆ ಹೋಗುವ ವಿದ್ಯೆ ಇದು, ನಮ್ಮ ಯಕ್ಷಗಾನದ ಹಾಗೆ.

ಈಗ ಮುಖ್ಯ ವಿಷಯ. ಸಾಮಾನ್ಯ ಮಾತಿಗೆ ಶ್ವಾಸಕೋಶದ ಗಾಳಿ ಬೇಕು, ಗಂಟಲಿನ ಧ್ವನಿತಂತುಗಳು ನಡುಗಬೇಕು. ಈ ಧ್ವನಿಗೆ ಅವೆರಡೂ ಬೇಡ. ಮಲೆನಾಡಿನವರಿಗೆ ಜಾಗ ತೋರಿಸುವುದು ಸುಲಭ: ಕವಳ (ಎಲೆ-ಅಡಿಕೆ) ಹಾಕಿದವರು ಅದನ್ನು ಒತ್ತರಿಸಿಟ್ಟುಕೊಳ್ಳುತ್ತಾರಲ್ಲ, ಕೆನ್ನೆಗೂ ದವಡೆ ಹಲ್ಲಿಗೂ ನಡುವೆ, ಅದೇ ಜಾಗ. ಅಲ್ಲಿ ಕವಳದ ಬದಲು ಗಾಳಿ ತುಂಬಬೇಕು. ಕೆನ್ನೆಯ ಸ್ನಾಯು ಆ ಗಾಳಿಯನ್ನು ಒಳಕ್ಕೆ ಹಿಂಡಿದಾಗ, ಕೆನ್ನೆಯ ಒದ್ದೆ ಒಳಮೈ ಮೇಲಿನ ದವಡೆಗೆ ತಾಗಿ ಪಟಪಟ ನಡುಗುತ್ತದೆ. ಬಲೂನಿನ ಬಾಯನ್ನು ಎರಡು ಕಡೆಗೆ ಎಳೆದು ಹಿಡಿದಾಗ ಕೀರಲು ಶಬ್ದ ಬರುವುದೂ, ತೆಂಗಿನ ಗರಿಯ ಪೀಪಿ ಕೂಗುವುದೂ ಇದೇ ಲೆಕ್ಕದಲ್ಲಿ.

ಕಲಿಯುವುದು ಹೀಗೆ. ಮೊದಲು ಒಂದು ಗುಟುಕು ಉಗುರುಬೆಚ್ಚಗಿನ ನೀರು ಕುಡಿಯಿರಿ. ಒಣಗಿದ ಕೆನ್ನೆ ನಡುಗುವುದಿಲ್ಲ. ತುಟಿ ಮುಚ್ಚಿ ಎರಡೂ ಕೆನ್ನೆ ಉಬ್ಬಿಸಿ, ಗಾಳಿಯನ್ನೆಲ್ಲ ಒಂದೇ ಕಡೆಗೆ ತಳ್ಳಿ. ಯಾವ ಕಡೆ ಸಲೀಸೋ ಅದೇ ನಿಮ್ಮ ಕಡೆ. ಆ ಬದಿಯ ತುಟಿಯಂಚನ್ನು ಬಿಗಿಯಾಗಿ ಮುಚ್ಚಿಟ್ಟು, ದವಡೆ ಹಲ್ಲುಗಳನ್ನು ಹಗುರವಾಗಿ ತಾಗಿಸಿ, ಬೆರಳು ಉಪಯೋಗಿಸದೆ ಕೆನ್ನೆಯನ್ನೇ ಬಿಗಿದು ಗಾಳಿಯನ್ನು ಹಲ್ಲಿನ ಮೇಲಿಂದ ಬಾಯೊಳಕ್ಕೆ ಹಿಂಡಿ. ಮೊದಮೊದಲು ಒದ್ದೆ ಚಪ್ಪಲಿ ತುಳಿದಂಥ ಶಬ್ದ ಬಂದರೆ ಸಾಕು, ದಾರಿ ಸರಿಯಿದೆ. ಅದು ಒಂದೆರಡು ಸೆಕೆಂಡು ತುಂಡಾಗದೆ ಬರುವವರೆಗೆ ಮಾತಿಗೆ ಇಳಿಯಬೇಡಿ. ಆಮೇಲೆ ಆ, ಈ, ಊ. ಕೆನ್ನೆ ಬಿಗಿದಷ್ಟೂ ಸ್ವರ ಮೇಲೇರುತ್ತದೆ, ಸಡಿಲ ಬಿಟ್ಟರೆ ಇಳಿಯುತ್ತದೆ.

ಸರಿಯಾಗಿದೆಯೋ ಇಲ್ಲವೋ ನೋಡಲು ಎರಡು ಪರೀಕ್ಷೆ ಸಾಕು. ಗಂಟಲಿನ ಮೇಲೆ ಬೆರಳಿಡಿ. ಅಲ್ಲಿ ನಡುಕ ಸಿಕ್ಕರೆ ತಪ್ಪು. ಶಬ್ದ ಮಾಡುತ್ತಲೇ ಮೂಗಿನಿಂದ ಉಸಿರು ಎಳೆದುಕೊಳ್ಳಿ. ಎಳೆದುಕೊಳ್ಳಲು ಬಂದರೆ ಸರಿ. ಪುಂಗಿ ಊದುವವರು ಉಸಿರು ಕಡಿಯದೆ ನುಡಿಸುವುದೂ ಹೀಗೇ ಕೆನ್ನೆಯಲ್ಲಿ ಗಾಳಿ ಇಟ್ಟುಕೊಂಡು, ಮೂಗಿನಿಂದ ಉಸಿರೆಳೆದು. ಒಂದು ಸಲಕ್ಕೆ ಐದು ನಿಮಿಷ, ದಿನಕ್ಕೆ ಎರಡು ಸಲ ಮಾಡಿದರೆ ಬೇಕಾದಷ್ಟಾಯಿತು. ಕೆನ್ನೆ ನೋಯುವುದು ಸಹಜ. ಗಂಟಲು ನೋಯಬಾರದು. ನೋಯುತ್ತಿದೆ ಎಂದರೆ ನೀವು ಗಂಟಲು ಹಿಂಡಿ ಕರ್ಕಶ ದನಿ ತೆಗೆಯುತ್ತಿದ್ದೀರಿ, ತಕ್ಷಣ ನಿಲ್ಲಿಸಿ. ಶಾಲಾ ವಾರ್ಷಿಕೋತ್ಸವಕ್ಕೆ ಹಾಗೆ ಅಭ್ಯಾಸ ಮಾಡಿದ ಮಕ್ಕಳ ದನಿ ಕಾರ್ಯಕ್ರಮದ ಹೊತ್ತಿಗೆ ಕಟ್ಟಿಹೋಗಿರುತ್ತದೆ. ಒಡೆದ ದನಿ ಎರಡು ವಾರ ದಾಟಿದರೂ ಸರಿಹೋಗದಿದ್ದರೆ ಕಿವಿ-ಮೂಗು-ಗಂಟಲು ವೈದ್ಯರಿಗೆ ತೋರಿಸಲೇಬೇಕು. ಹಲ್ಲಿಗೆ ಕ್ಲಿಪ್ ಹಾಕಿಸಿಕೊಂಡ ಮಕ್ಕಳು ಅದನ್ನು ತೆಗೆಯುವವರೆಗೆ ಕಾಯುವುದು ಒಳ್ಳೆಯದು, ಕೆನ್ನೆ ತರಚುತ್ತದೆ.

ಅಡಿಕೆ ಬೆಳೆಯುವ ಸೀಮೆಯಲ್ಲಿ ಇನ್ನೊಂದು ಮಾತು ಹೇಳದೆ ಬಿಡುವಂತಿಲ್ಲ. ವರ್ಷಗಟ್ಟಲೆ ಅಡಿಕೆ, ಗುಟ್ಕಾ ಅಗಿದವರ ಕೆನ್ನೆಯ ಒಳಪದರ ನಾರುಗಟ್ಟಿ ಬಿಗಿದುಕೊಳ್ಳಬಹುದು. ಅಂಥವರಿಗೆ ಕೆನ್ನೆ ಉಬ್ಬಿಸಲು ಆಗುವುದಿಲ್ಲ. ತಮ್ಮದೇ ಮೂರು ಬೆರಳನ್ನು ಒಂದರ ಮೇಲೊಂದು ನಿಲ್ಲಿಸಿ ಬಾಯೊಳಗೆ ಇಡಲು ಬಾರದಿದ್ದರೆ ಬಾತುಕೋಳಿ ಹಾಗಿರಲಿ, ಮೊದಲು ದಂತವೈದ್ಯರ ಹತ್ತಿರ ಹೋಗಲಿ. ಅದು ಕ್ಯಾನ್ಸರಿಗೆ ತಿರುಗಬಲ್ಲ ಕಾಯಿಲೆ.

ಇನ್ನು ಕನ್ನಡ. "ಕನ್ನಡದಲ್ಲಿ ಆಗುತ್ತಾ?" ಎಂಬುದು ದೊಡ್ಡವರ ಪ್ರಶ್ನೆ. ಆಗುತ್ತದೆ, ಆದರೆ ವರ್ಣಮಾಲೆ ಅರ್ಧಕ್ಕರ್ಧ ಸೋರಿಹೋಗುತ್ತದೆ. ವರ್ಗೀಯ ವ್ಯಂಜನಗಳು 25. ಮಹಾಪ್ರಾಣಕ್ಕೆ ಎದೆಯಿಂದ ಉಸಿರು ಬೇಕು, ಇಲ್ಲಿ ಅದಿಲ್ಲ, 10 ಹೋದವು. ಅನುನಾಸಿಕಕ್ಕೆ ಗಾಳಿ ಮೂಗಿನಲ್ಲಿ ಹಾಯಬೇಕು, ಹಾಯುವುದಿಲ್ಲ, ಇನ್ನೈದು ಹೋದವು. ಉಳಿದ 10ರಲ್ಲೂ ಪ-ಬ, ತ-ದ ಜೋಡಿಗಳು ಒಂದಕ್ಕೊಂದು ಕಲಸಿಕೊಳ್ಳುತ್ತವೆ. ಮಹಾಪ್ರಾಣ ಹೋದದ್ದು ನಷ್ಟವಲ್ಲ, ಆಡುಮಾತಿನಲ್ಲಿ ಅದು ಮೊದಲೇ ಹಗುರ. ಕಷ್ಟ ಕೊಡುವುದು ಅನುನಾಸಿಕ. ನೆಗಡಿಯಾದವರ ಹಾಗೆ ಮ ಹೋಗಿ ಬ ಆಗುತ್ತದೆ, ನ ಹೋಗಿ ದ ಆಗುತ್ತದೆ. "ನಾನು ಮನೆಗೆ ಬಂದೆ" ಎಂದರೆ "ದಾದು ಬದೆಗೆ ಬದ್ದೆ" ಎಂದು ಕೇಳಿಸಿ, ಯಾರಿಗೂ ಅರ್ಥವಾಗುವುದಿಲ್ಲ.

ಆದ್ದರಿಂದ ಮಾತನ್ನು ಆರಿಸಿ ಬರೆಯಬೇಕು. ಇಲ್ಲಿ ಕನ್ನಡ ನಮ್ಮ ಕೈ ಹಿಡಿಯುತ್ತದೆ. ಆಗಲ್ಲ, ಕೊಡಲ್ಲ, ಬಿಡಲ್ಲ, ಬರಲ್ಲ: ನಮ್ಮ ಸಿಟ್ಟಿನ, ಹಟದ ಮಾತುಗಳಲ್ಲಿ ಮೂಗಿನ ಅಕ್ಷರವೇ ಇಲ್ಲ. "ಯಾರೋ ಅದು? ಬಾರೋ ಇತ್ಲಾಗೆ! ಬಿಡಲ್ಲ, ಬಿಡಲ್ಲ!" ಸಿಡುಕ ಬಾತುಕೋಳಿಗೆ ಇದಕ್ಕಿಂತ ಒಳ್ಳೆಯ ಭಾಷೆ ಬೇಕೆ? ಸಾಲು ಮೂರು ನಾಲ್ಕು ಪದ ದಾಟದಿರಲಿ. ಕೆನ್ನೆಯಲ್ಲಿ ಹಿಡಿಸುವ ಗಾಳಿ ಅಷ್ಟೇ, ಮತ್ತೆ ತುಂಬಿಕೊಳ್ಳಲು ನಡುವೆ ಬಿಡುವು ಬೇಕು.

ಇಷ್ಟು ಮಾಡಿದರೂ ಎಲ್ಲ ಪದ ತಿಳಿಯುವುದಿಲ್ಲ. ನ್ಯಾಶ್ ಮಾತೂ ತಿಳಿಯುತ್ತಿರಲಿಲ್ಲ, ಆದರೂ ಭಾವ ತಪ್ಪುತ್ತಿರಲಿಲ್ಲ. ಏಕೆಂದರೆ ಮಾತಿನ ಏರಿಳಿತ ಮನುಷ್ಯರದ್ದೇ ಆಗಿತ್ತು. ಅವನು ಬೇರೆ ಭಾಷೆಗಳ ಮಾತನ್ನು ಉಚ್ಚಾರದ ಪ್ರಕಾರ ಬರೆಸಿಕೊಂಡು ತಾನೇ ಧ್ವನಿ ಕೊಟ್ಟದ್ದೂ ಉಂಟು. ಮೊದಲು ಸಾಲನ್ನು ನಿಮ್ಮ ಸಹಜ ದನಿಯಲ್ಲಿ, ನಿಜವಾಗಿ ಸಿಟ್ಟು ಮಾಡಿ ಹೇಳಿ. ಅದೇ ರಾಗವನ್ನು ಕೆನ್ನೆಗೆ ವರ್ಗಾಯಿಸಿ. ವೇದಿಕೆಯ ಮೇಲೆ ಜೊತೆಗೊಬ್ಬ ಪಾತ್ರಧಾರಿ ಇರಲಿ, "ಏನು, ಕೊಡಲ್ವಾ?" ಎಂದು ಬಾತುಕೋಳಿಯ ಮಾತನ್ನೇ ಮರಳಿ ಕೇಳಲಿ. ಕೇಳುಗರಿಗೆ ಒಮ್ಮೆ ಪದ ಸಿಕ್ಕಿತೆಂದರೆ, ಎರಡನೆಯ ಸಲ ಬಾತುಕೋಳಿ ಬಾಯಲ್ಲೂ ಅದು ಸ್ಪಷ್ಟವಾಗಿ ಕೇಳಿಸುತ್ತದೆ.

ರೆಕಾರ್ಡಿಂಗಿಗೆ ಮೈಕನ್ನು ಬಾಯಿಗೆ ನೇರ ಹಿಡಿಯದೆ, ಒಂದು ಗೇಣು ದೂರದಲ್ಲಿ ಸ್ವಲ್ಪ ಓರೆಯಾಗಿ ಇಡಿ. ಇಲ್ಲದಿದ್ದರೆ ಮಾತಿಗಿಂತ ಜೊಲ್ಲಿನ ಶಬ್ದವೇ ಮುಂದಾಗುತ್ತದೆ. ಆಷಾಢದಲ್ಲಿ ಹಂಚಿನ ಮನೆ, ಶೀಟಿನ ಕೊಠಡಿ ಬೇಡ. ಮಳೆಯ ಸದ್ದನ್ನು ಆಮೇಲೆ ಸಾಫ್ಟ್‌ವೇರಿನಲ್ಲಿ ತೆಗೆಯಬಹುದು ಎಂದುಕೊಳ್ಳಬೇಡಿ. ಈ ಧ್ವನಿಯಲ್ಲೂ ಮಳೆಯ ಹಾಗೆ ಪರಪರ ಗದ್ದಲವೇ ಹೆಚ್ಚು, ಮಳೆಯನ್ನು ತೆಗೆಯುವ ಸಾಫ್ಟ್‌ವೇರು ಬಾತುಕೋಳಿಯನ್ನೂ ಅರ್ಧ ತಿಂದುಹಾಕುತ್ತದೆ. ತಾರಸಿ ಮನೆಯ ನಡುಕೋಣೆಯಲ್ಲಿ, ಹಿಂದೆ ಮುಂದೆ ಕಂಬಳಿ ಇಳಿಬಿಟ್ಟು, ಹೊಳವಾಗುವುದನ್ನು, ಅಂದರೆ ಮಳೆ ತುಸು ಬಿಡುವುದನ್ನು, ಕಾಯಿರಿ. ಒಂದು ಹೊಳವಿಗೆ ಏಳೆಂಟು ಸಾಲು ಮುಗಿಯುತ್ತದೆ. ಅಷ್ಟರಲ್ಲಿ ಕೆನ್ನೆಯೂ ಸೋತಿರುತ್ತದೆ.