ಅಲಸಂದೆ ಬೇರಿನ ಗಂಟು

ಊರಿಗೆ ಬಂದು ಎರಡು ದಿನ. ಬೆಳಿಗ್ಗೆ ಅಮ್ಮನ ಜೊತೆ ಹೊಲಕ್ಕೆ ಹೋಗಿ, ರಾಗಿ ನಡುವಿನ ಅಕ್ಕಡಿ ಸಾಲಲ್ಲಿ ಕಳೆ ಅಂದುಕೊಂಡು ಒಂದು ಅಲಸಂದೆ ಗಿಡವನ್ನೇ ಕಿತ್ತುಬಿಟ್ಟೆ. ಬೈಸಿಕೊಂಡಿದ್ದೂ ಆಯ್ತು.

ಬೇರಿನ ತುಂಬ ಮೆಣಸಿನಕಾಳು ಗಾತ್ರದ ಗಂಟುಗಳು. ಒಂದನ್ನು ಉಗುರಲ್ಲಿ ಸೀಳಿದರೆ ಒಳಗೆ ನಸುಗೆಂಪು! ನಮ್ಮ ರಕ್ತದ ಹಿಮೋಗ್ಲೋಬಿನ್‌ಗೆ ದಾಯಾದಿಯಾದ ಲೆಗ್‌ಹಿಮೋಗ್ಲೋಬಿನ್ ಅದು. ಗಂಟಿನೊಳಗಿದ್ದು ಗಾಳಿಯ ಸಾರಜನಕವನ್ನು ಗಿಡಕ್ಕೆ ಒಗ್ಗೋ ಹಾಗೆ ಮಾಡಿಕೊಡೋ ರೈಜೋಬಿಯಂ ಬ್ಯಾಕ್ಟೀರಿಯಾಗೆ ಆಮ್ಲಜನಕವನ್ನು ಅಳೆದು ಅಳೆದು ಕೊಡುತ್ತೆ. ಜಾಸ್ತಿಯಾದರೆ ಸಾರಜನಕ ಹಿಡಿಯುವ ಕಿಣ್ವವೇ ಕೆಟ್ಟುಹೋಗುತ್ತೆ.

ಗಾಳಿಯಲ್ಲಿ 78% ಸಾರಜನಕವೇ. ಆದರೂ ಪಕ್ಕದ ರಾಗಿ ಪೈರಿಗೆ ಅದನ್ನು ನೇರವಾಗಿ ಹೀರೋಕಾಗಲ್ಲ. ಹೊಳೆಯಲ್ಲಿ ನಿಂತು ಬಾಯಾರಿದ ಹಾಗೆ. ಗಾಳಿಯ ಸಾರಜನಕ ಹಿಡಿಯೋ ಇದೇ ಕೆಲಸಕ್ಕೆ ಮನುಷ್ಯರು 1913ರಲ್ಲಿ ಜರ್ಮನಿಯ ಓಪ್ಪಾವ್‌ನಲ್ಲಿ ಕಾರ್ಖಾನೆಯನ್ನೇ ಶುರು ಮಾಡಿದರು. ಅಲ್ಲಿ ನೂರಾರು ಡಿಗ್ರಿ ಕಾವು, ವಿಪರೀತ ಒತ್ತಡ ಬೇಕು. ಇಲ್ಲಿ ಸದ್ದಿಲ್ಲದೆ, ಮಣ್ಣಿನ ತಂಪಲ್ಲೇ ನಡೀತಿದೆ.

ಬದುವಿನ ಮೇಲೆ ಅರ್ಧ ಖಾಲಿಯಾದ ಯೂರಿಯಾ ಚೀಲ (46% ಸಾರಜನಕ). ನಾವೂ ಹಾಕ್ತೀವಿ, ಸುಳ್ಳು ಯಾಕೆ. ಎರಚಿದ್ದೆಲ್ಲ ಪೈರಿಗೆ ಸೇರಲ್ಲ. ಒಂದಿಷ್ಟು ಅಮೋನಿಯಾ ಆಗಿ ಗಾಳಿಗೆ, ಒಂದಿಷ್ಟು ನೈಟ್ರೇಟ್ ಆಗಿ ಅಂತರ್ಜಲಕ್ಕೆ. ಆ ನೀರನ್ನೇ ಬೋರ್‌ವೆಲ್‌ನಿಂದ ಎತ್ತಿ ಕುಡಿಯೋರೂ ನಾವೇ.

ಕಿತ್ತ ಗಿಡವನ್ನು ಏನು ಮಾಡೋದು ಅಂತ ಕೈಯಲ್ಲಿ ಹಿಡಿದು ನಿಂತಿದ್ದೆ. "ಹಸುವಿಗೆ ಹಾಕೋ, ನಾಳೆ ತಿಪ್ಪೆಗೇ ಬರ್ತದೆ" ಅಂದ್ರು ಅಮ್ಮ.